ಮಳೆಗಾಲದಲ್ಲಿ ನಾಯಿ, ಬೆಕ್ಕು: ಸಂಜೆ ಹತ್ತು ನಿಮಿಷ ಕೊಡಿ

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬಟ್ಟೆ ಒಣಗುವುದಿಲ್ಲ ಎಂದು ನಾವು ಗೊಣಗುತ್ತೇವೆ. ಮೈತುಂಬ ಕೂದಲಿರುವ ನಾಯಿಯ ಪಾಡು ಏನಾಗಬೇಡ? ಚರ್ಮ ಕೆಂಪಾಗುವುದು, ಕಿವಿ ವಾಸನೆ ಬರುವುದು, ಉಣ್ಣಿ, ಊಟ ಬಿಡುವುದು, ಈ ಕಾಲದಲ್ಲಿ ಕಾಡುವ ತೊಂದರೆಗಳು ಹೆಚ್ಚಾಗಿ ಇವೇ. ಇವೆಲ್ಲ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತವೆ. ತಲೆ ಸವರಿ ಮುದ್ದು ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಹೊಟ್ಟೆಯ ಕೆಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸುವವರು ಕಡಿಮೆ.

ಸಂಜೆ ಊಟ ಹಾಕುವ ಮೊದಲು ಹತ್ತು ನಿಮಿಷ ಇದಕ್ಕೆ ಇಡಿ. ಒಂದು ಹಳೆ ಬೈರಾಸು (ಟವೆಲ್), ಹುಬ್ಬು ಕೀಳುವಂಥ ಸಣ್ಣ ಚಿಮುಟ, ಸ್ಯಾನಿಟೈಸರ್ ಹಾಕಿದ ಮುಚ್ಚಳದ ಬಾಟ್ಲಿ, ಒಂದು ಟಾರ್ಚ್. ಇಷ್ಟು ಸಾಕು. ಕೆಲಸ ಮುಗಿದ ಮೇಲೆ ಊಟ ಸಿಗುತ್ತದೆ ಎಂದು ಗೊತ್ತಾದರೆ ನಾಲ್ಕೈದು ದಿನದಲ್ಲಿ ನಾಯಿ ತಾನೇ ಬಂದು ನಿಲ್ಲುತ್ತದೆ. ಬೆಕ್ಕಿನದು ಬೇರೆ ಲೆಕ್ಕ. ಅದು ಮಡಿಲಲ್ಲಿ ಮಲಗಿರುವಾಗ ಇವತ್ತು ಕಿವಿ, ನಾಳೆ ಕಾಲು ಎಂದು ಕಂತಿನಲ್ಲಿ ನೋಡಬೇಕು.

ಮೊದಲು ಒರೆಸಿ

ಮಳೆಯಲ್ಲಿ ತಿರುಗಿ ಬಂದ ನಾಯಿಯ ಬೆನ್ನನ್ನು ಎಲ್ಲರೂ ಒರೆಸುತ್ತಾರೆ. ಬೆನ್ನು ತಾನಾಗಿಯೇ ಒಣಗುತ್ತದೆ ಮಾರಾಯ್ರೆ. ಒಣಗದಿರುವುದು ಬೆರಳ ಸಂದಿ, ಕಂಕುಳು, ತೊಡೆಸಂದಿ, ಕುತ್ತಿಗೆಪಟ್ಟಿಯ ಅಡಿ, ಜೋತುಬಿದ್ದ ಕಿವಿಯ ಒಳಮೈ. ಬೈರಾಸಿನ ತುದಿಯನ್ನು ಬೆರಳಿಗೆ ಸುತ್ತಿ ಇಲ್ಲೆಲ್ಲ ಒರೆಸಿ. ಪಟ್ಟಿಯನ್ನು ರಾತ್ರಿ ಬಿಚ್ಚಿಡಿ. ನಾಯಿ ಒಂದೇ ಸಮ ಪಾದ ನೆಕ್ಕುತ್ತಿದ್ದರೆ ಬೆರಳು ಬಿಡಿಸಿ ಟಾರ್ಚ್ ಹಾಕಿ ನೋಡಿ. ಕೆಂಪಾಗಿದ್ದು, ಹುಳಿ ವಾಸನೆ ಇದ್ದರೆ ತೇವದಿಂದ ಸೋಂಕು ಶುರುವಾಗಿದೆ ಎಂದೇ ಲೆಕ್ಕ.

ಕೊಳೆಯಾಯಿತೆಂದು ದಿನಾ ಸ್ನಾನ ಮಾಡಿಸಬೇಡಿ. ಕೆಸರಾದರೆ ಕಾಲಷ್ಟೇ ತೊಳೆಯಿರಿ. ಪೂರ್ತಿ ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು, ಅದೂ ನಾಯಿಯ ಶಾಂಪೂವಿನಲ್ಲಿ. ಕಿವಿಗೆ ಬಿಸಿ ಮಾಡಿದ ತೆಂಗಿನೆಣ್ಣೆ ಬಿಡುವುದು ನಮ್ಮಲ್ಲಿ ಹಳೇ ಅಭ್ಯಾಸ. ಬೇಡ. ಒಳಗೆ ಸೋಂಕು ಇದ್ದರೆ ಅದು ಇನ್ನಷ್ಟು ಬೆಳೆಯಲು ದಾರಿ ಮಾಡಿಕೊಟ್ಟಂತೆ ಆಗುತ್ತದೆ.

ಬೆಕ್ಕಿನ ಮರಿಯ ಮುಖ, ಕಿವಿಯ ಹತ್ತಿರ ಕೂದಲುದುರಿ ದುಂಡಗಿನ ಗುರುತು ಕಂಡರೆ ಹುಳುಕಡ್ಡಿ ಇರಬಹುದು. ಇದು ಮಕ್ಕಳಿಗೂ ಅಂಟುತ್ತದೆ. ಚಿಕಿತ್ಸೆ ಆಗುವವರೆಗೆ ಮರಿಯನ್ನು ಹಾಸಿಗೆಗೆ ಬಿಡಬೇಡಿ. ಇನ್ನು ಈ ಹವೆಗೆ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ಚಳಿನಾಡಿನ ನಾಯಿ ತಂದು ಸಾಕುವವರಿಗೆ ಏನು ಹೇಳುವುದೋ ನನಗಂತೂ ತಿಳಿಯುವುದಿಲ್ಲ.

ಉಣ್ಣಿ ಹುಡುಕುವುದು, ಕೀಳುವುದು

ಉಣ್ಣಿ ಕೂರುವುದು ಕಿವಿಯ ಒಳಮಡಿಕೆ, ಕಾಲ್ಬೆರಳ ನಡುವೆ, ಕಣ್ಣಿನ ಸುತ್ತ, ಬಾಲದ ಬುಡ, ಕಂಕುಳು, ಪಟ್ಟಿಯ ಅಡಿ. ಕೂದಲನ್ನು ಎದುರು ದಿಕ್ಕಿಗೆ ಸವರುತ್ತ ಬೆರಳ ತುದಿಯಿಂದ ಹುಡುಕಿ. ಮರಿ ಉಣ್ಣಿ ಸಾಸಿವೆಗಿಂತ ಚಿಕ್ಕದು, ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣಿ ಬೂದು ಬಣ್ಣಕ್ಕೆ ತಿರುಗಿ ಒಂದು ಸೆಂಟಿಮೀಟರ್‌ವರೆಗೂ ಉಬ್ಬಿರುತ್ತದೆ.

ಕೀಳುವಾಗ ಚಿಮುಟದಲ್ಲಿ ಅದರ ಹೊಟ್ಟೆ ಹಿಡಿಯಬೇಡಿ. ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು, ತಿರುಚದೆ, ನಿಧಾನವಾಗಿ ನೇರ ಎಳೆಯಿರಿ. ಕಿತ್ತದ್ದನ್ನು ಬಾಟ್ಲಿಯ ಸ್ಯಾನಿಟೈಸರ್‌ಗೆ ಹಾಕಿ ಮುಚ್ಚಿ. ಉಗುರಿನಿಂದ ಹಿಸುಕಿ ಸಾಯಿಸುವವರು ಇದ್ದಾರೆ, ಅದರ ರಸ ಕೈಯ ಗಾಯಕ್ಕೆ ತಾಗುವುದು ಒಳ್ಳೆಯದಲ್ಲ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

“ಸ್ವಲ್ಪ ಸೀಮೆಎಣ್ಣೆ ಹಚ್ಚಿ, ಎಲ್ಲ ಉದುರುತ್ತದೆ” ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಒಬ್ಬರು ಸಿಗುತ್ತಾರೆ. ಸೀಮೆಎಣ್ಣೆಗೆ ನಾಯಿಯ ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಬೀಡಿಯ ಕೆಂಡ ತಾಗಿಸುವುದೂ ಅದೇ ಜಾತಿಯ ಉಪಾಯ. ಇವೆಲ್ಲಕ್ಕಿಂತ ಅಪಾಯದ್ದು ಹಟ್ಟಿಯ ದನಗಳಿಗೆಂದು ತಂದ ಉಣ್ಣಿ ಔಷಧಿ ಉಳಿದಿದೆಯಲ್ಲ ಎಂದು ನಾಯಿಗೆ, ಬೆಕ್ಕಿಗೆ ಹಚ್ಚುವುದು. ದನದ ಪ್ರಮಾಣವೇ ಬೇರೆ. ಬೆಕ್ಕಿನ ವಿಷಯದಲ್ಲಿ ಇದನ್ನು ಗೋಡೆಗೆ ಬರೆದಿಡಬಹುದು: ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಯಾವ ಔಷಧಿಯೂ ಬೆಕ್ಕಿನ ಮೈಗೆ ತಾಗಬಾರದು. ನಡುಕ, ಫಿಟ್ಸ್ ಬಂದು ಸಾಯಬಹುದು. ನಾಯಿಗೆ ಅಂಥದ್ದು ಹಚ್ಚಿದ್ದರೆ ಪೂರ್ತಿ ಒಣಗುವವರೆಗೆ ಎರಡನ್ನೂ ಜೊತೆಗೆ ಮಲಗಲು ಬಿಡಬೇಡಿ.

ಈಗ ತಿನ್ನಿಸುವ ಮಾತ್ರೆಗಳಿವೆ, ಕತ್ತಿನ ಹಿಂದೆ ಹಾಕುವ ಹನಿಗಳಿವೆ. ಕೆಲವು ತಿಂಗಳಿಗೊಮ್ಮೆ, ಕೆಲವು ಮೂರು ತಿಂಗಳಿಗೊಮ್ಮೆ. ನಾಯಿಯ ತೂಕ ನೋಡಿ ಡಾಕ್ಟರು ಬರೆಯುತ್ತಾರೆ. ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ.

ಮಾತ್ರೆ ಕೊಟ್ಟರೂ ಉಣ್ಣಿ ಮತ್ತೆ ಬರುತ್ತದೆ ಎನ್ನುವ ದೂರು ಸಾಮಾನ್ಯ. ಕಾರಣ ಗೋಡೆಯಲ್ಲಿದೆ. ರಕ್ತ ಕುಡಿದ ಹೆಣ್ಣು ಉಣ್ಣಿ ನಾಯಿಯಿಂದ ಉದುರಿ, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗಾರೆ ಮಾಡದ ಮುರಕಲ್ಲಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ನಾಯಿ ಮಲಗುವ ಕಡೆಯ ಕಲ್ಲಿನ ತೂತುಗಳಿಗೆ ಟಾರ್ಚ್ ಹಾಕಿ ನೋಡಿ, ಸಾಲಾಗಿ ಅಂಟಿಕೊಂಡಿರುವುದು ಕಾಣಿಸುತ್ತದೆ. ಸಂದಿಗಳಿಗೆ ಸಿಮೆಂಟ್ ತುಂಬಿಸಿ. ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಕುದಿನೀರಿಗೆ ಹಾಕಿ. ಔಷಧಿಯನ್ನು ಒಂದೇ ಸಲಕ್ಕೆ ನಿಲ್ಲಿಸದೆ ಮಳೆಗಾಲ ಪೂರ್ತಿ ಮುಂದುವರಿಸಿ.

ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧ ಇದೆಯಾ ಎಂದು ಘಟ್ಟದ ಬುಡದ ಊರಿನವರು ಕೇಳುತ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣಿ. ಆದರೂ ಕಾಡಂಚಿನಲ್ಲಿ ಸುತ್ತಿ ಬಂದ ನಾಯಿಯನ್ನು ಅಂಗಳದಲ್ಲೇ ನಿಲ್ಲಿಸಿ ನೋಡುವುದು ಒಳ್ಳೆಯದು.

ಉಣ್ಣಿ ಜ್ವರದ ಗುರುತು

ಕಚ್ಚಿದ ಒಂದರಿಂದ ಮೂರು ವಾರದಲ್ಲಿ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಇದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದೇ ದಿನ ಪಶು ಆಸ್ಪತ್ರೆಗೆ ಹೋಗಿ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎರ್ಲಿಕಿಯಾ ಎಂಬ ಬಗೆಯ ಉಣ್ಣಿ ಜ್ವರವಾದರೆ ಮಾತ್ರೆ ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕಾಗುತ್ತದೆ. ಎರಡೇ ದಿನದಲ್ಲಿ ಬಾಲ ಅಲ್ಲಾಡಿಸಲು ಶುರುಮಾಡಿತು ಎಂದು ನಡುವೆ ನಿಲ್ಲಿಸಬೇಡಿ.

ಮೂಗು ಒದ್ದೆ ಇದ್ದರೆ ಜ್ವರ ಇಲ್ಲ ಎನ್ನುವುದು ಸುಮ್ನೆ ಮಾತು. ನಾಯಿ, ಬೆಕ್ಕಿನ ಮೈಬಿಸಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜ, ಅಂದರೆ ನಮಗಿಂತ ಜಾಸ್ತಿ. ಜ್ವರ ಎಂದು ಮನೆಯಲ್ಲಿರುವ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೇನ್ ಎರಡಕ್ಕೂ ವಿಷ.

ಬೋಟು ನಿಂತಾಗ ಬೆಕ್ಕಿನ ಊಟ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ನಿಲ್ಲುತ್ತವೆ. ನಾಡದೋಣಿಯ ಮೀನು ಬಂದರೂ ರೇಟು ಕೇಳಿದರೆ ಬೆಕ್ಕಿಗೆ ಹಾಕುವ ಮನಸ್ಸಾಗುವುದಿಲ್ಲ. ವರ್ಷವಿಡೀ ಬೂತಾಯಿ, ಬಂಗುಡೆ ತಿಂದ ಬೆಕ್ಕು ಬೇರೆ ಏನು ಹಾಕಿದರೂ ಮೂಸಿ ತಿರುಗಿ ಹೋಗುತ್ತದೆ. ಹಸಿವಾದರೆ ತಿನ್ನುತ್ತದೆ ಬಿಡಿ ಎಂದು ನಾಯಿಗೆ ಹೇಳಬಹುದು, ಬೆಕ್ಕಿಗೆ ಹೇಳುವಂತಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಒಂದು ದಿನ ಪೂರ್ತಿ ಊಟ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಹಾಗಾಗಿ ಮೇ ಕೊನೆಯಲ್ಲೇ ಬದಲಾವಣೆ ಶುರು ಮಾಡಬೇಕು. ಮೀನಿನ ಜೊತೆ ಕಾಲು ಭಾಗ ಬೇಯಿಸಿದ ಕೋಳಿ ಅಥವಾ ಬೆಕ್ಕಿನ ಆಹಾರ ಬೆರೆಸಿ. ವಾರ, ಹತ್ತು ದಿನದಲ್ಲಿ ಮೀನು ಕಡಿಮೆ ಮಾಡುತ್ತ ಬನ್ನಿ. ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆಗೆ ತಿನ್ನುತ್ತದೆ. ಒಣಮೀನು ಬೇಡ, ಉಪ್ಪು ವಿಪರೀತ. ಸಾರಿನಲ್ಲಿ ಬೆಂದ ಮೀನೂ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕು, ನಾಯಿಗಳ ರಕ್ತಕಣ ಒಡೆಯುತ್ತವೆ. ಹಸಿ ಮೀನನ್ನೇ ದಿನಾ ಕೊಡುವುದೂ ಸರಿಯಲ್ಲ. ಬರೀ ಕುಚ್ಚಿಲಕ್ಕಿ ಗಂಜಿ, ಹಾಲು ಹಾಕಿ ಬೆಕ್ಕು ಸಾಕುತ್ತೇವೆ ಎನ್ನುವವರ ಬೆಕ್ಕು ನಿಜಕ್ಕೂ ಬದುಕುತ್ತಿರುವುದು ಇಲಿ, ಹಲ್ಲಿಯ ಮೇಲೆ.

ಒಳಗೇ ಮೂತ್ರ ಮಾಡಿದರೆ

ಅಂಗಳವೆಲ್ಲ ನೀರು ನಿಂತಿರುವಾಗ ಬೆಕ್ಕು ಎಲ್ಲಿಗೆ ಹೋಗಬೇಕು, ಅಲ್ವಾ? ಅಗಲದ ಟಬ್ಬಿನಲ್ಲಿ ನಾಲ್ಕು ಬೆರಳು ಒಣ ಹೊಯಿಗೆ (ಮರಳು) ಹಾಕಿ, ಜನ ಓಡಾಡದ ಮೂಲೆಯಲ್ಲಿ ಇಡಿ. ಊಟದ ತಟ್ಟೆಯ ಪಕ್ಕ ಬೇಡ. ದಿನಾ ತೆಗೆದು ಚೊಕ್ಕ ಮಾಡಿ. ಮೂತ್ರ ಮಾಡಿದ ಜಾಗಕ್ಕೆ ಬೆಕ್ಕಿನ ಮೂಗು ಉಜ್ಜಿ ಬುದ್ಧಿ ಕಲಿಸುವುದರಿಂದ ಅದು ಕಲಿಯುವುದು ನಿಮ್ಮನ್ನು ಕಂಡು ಅಡಗುವುದನ್ನು ಮಾತ್ರ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಅಭ್ಯಾಸದ ಪ್ರಶ್ನೆ ಅಲ್ಲ, ಮೂತ್ರ ಕಟ್ಟಿದೆ. ಬೆಳಗಾಗಲಿ ಎಂದು ಕಾಯಬೇಡಿ.

ಗುಡುಗಿಗೆ ಹೆದರುವ ನಾಯಿಯನ್ನು ಶೀಟಿನ ಮಾಡಿನ ಗೂಡಿನಲ್ಲಿ ಸರಪಳಿ ಹಾಕಿ ಬಿಡಬೇಡಿ. ಶೀಟಿನ ಮೇಲೆ ಬೀಳುವ ಮಳೆಯ ಸದ್ದೇ ಅದಕ್ಕೆ ಸಾಕು. ಒಳಗೆ ಕರೆದು ಮೂಲೆಯಲ್ಲಿ ಜಾಗ ಕೊಡಿ. ಹತ್ತಿರ ಬಂದರೆ ಸವರಿ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಎನ್ನುವುದು ನಿಜವಲ್ಲ.

ಇಲಿಜ್ವರ ಮತ್ತು ಲಸಿಕೆ

ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಇಲಿಜ್ವರ ನಮಗೆ ಬರುವ ಹಾಗೆ ನಾಯಿಗೂ ಬರುತ್ತದೆ. ನಾಯಿಯ ಮೂತ್ರದಿಂದ ಮನೆಯವರಿಗೂ ದಾಟಬಹುದು. ಜ್ವರ, ವಾಂತಿ, ಕಣ್ಣು ಒಸಡು ಹಳದಿಯಾಗುವುದು ಇದರ ಗುರುತು. ಅಂಥ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ. ಲಸಿಕೆ ವರ್ಷಕ್ಕೊಮ್ಮೆ ಇದೆ, ಮಳೆಗೆ ಮೊದಲೇ ಹಾಕಿಸಿ. ಕೊಪ್ಪರ, ಅಡಿಕೆ ಇಟ್ಟ ಕೋಣೆಗೆ ಇಲಿ ಪಾಷಾಣ ಹಾಕುವವರು ನಾಯಿ, ಬೆಕ್ಕು ಆ ಕಡೆ ಹೋಗದಂತೆ ನೋಡಿಕೊಳ್ಳಿ. ವಿಷ ತಿಂದ ಇಲಿಯನ್ನು ತಿಂದರೂ ತೊಂದರೆಯೇ.

ರೇಬೀಸ್ ಲಸಿಕೆ ಮೂರು ತಿಂಗಳ ಮರಿಗೆ ಮೊದಲ ಸಲ, ಆಮೇಲೆ ಬೂಸ್ಟರ್, ಅಲ್ಲಿಂದ ಪ್ರತಿ ವರ್ಷ. ಬೆಕ್ಕಿಗೂ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಬೆಕ್ಕನ್ನು ಗೋಣಿಗೆ ತುಂಬಿ ರಿಕ್ಷಾ ಹತ್ತಬೇಡಿ. ಹಣ್ಣಿನಂಗಡಿಯ ಎರಡು ಪ್ಲಾಸ್ಟಿಕ್ ಕ್ರೇಟ್ ಮುಖಾಮುಖಿ ಇಟ್ಟು ಹಗ್ಗ ಬಿಗಿದರೆ ಗೂಡು ತಯಾರು. ಒಳಗೆ ಅದು ಮಲಗುವ ಬಟ್ಟೆ ಹಾಕಿ, ಮೇಲೆ ಬೈರಾಸು ಮುಚ್ಚಿ. ಊಟ ಯಾವಾಗ ಬಿಟ್ಟಿತು, ಮೂತ್ರ ಯಾವ ಬಣ್ಣ, ಉಣ್ಣಿ ಔಷಧಿ ಕೊನೆಗೆ ಕೊಟ್ಟದ್ದು ಯಾವತ್ತು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರು ಮೊದಲು ಕೇಳುವುದೇ ಇದನ್ನು.