ಮೇಷ್ಟ್ರು ಫ್ಲೈಟ್ ಹತ್ತೋ ಮುಂಚೆ ಚೆಕ್ ಕೈಗೆ: ನನ್ನ ಅನುಭವ

ಹೋದ ಫಾಲ್ ಸೆಮಿಸ್ಟರ್‌ನಲ್ಲಿ ನಮ್ಮ ಡಿಪಾರ್ಟ್‌ಮೆಂಟ್‌ಗೆ ಹೊರದೇಶದಿಂದ ಹನ್ನೊಂದು ಜನ ಬಂದು ಲೆಕ್ಚರ್ ಕೊಟ್ಟು ಹೋದ್ರು, ಹನ್ನೊಂದೂ ಜನಕ್ಕೆ ಊರಿಗೆ ಹೊರಡೋ ಮುಂಚೆನೇ ಹಾನರೇರಿಯಂ (ಗೌರವಧನ) ಚೆಕ್ ಕೈಲಿಟ್ಟೆ. ಪಕ್ಕದ ಡಿಪಾರ್ಟ್‌ಮೆಂಟಿನ ಅಡ್ಮಿನ್, ಇಪ್ಪತ್ತು ವರ್ಷ ಸರ್ವೀಸ್ ಆದಾಕೆ, "ಅದೆಲ್ಲ ಆಗೋ ಮಾತಲ್ಲ, ಪೇಮೆಂಟ್ ಆಫೀಸ್‌ನೋರು ಆರು ವಾರ ತಗೊಂಡೇ ತಗೋತಾರೆ" ಅಂತ ನಕ್ಕಿದ್ಲು. ಈಗ ಅವಳೇ ಬಂದು ನನ್ನ ಫೋಲ್ಡರ್ ಕೇಳ್ತಿದಾಳೆ, ಇರ್ಲಿ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಇದೇ ತಲೆನೋವಿನ ಕೆಲಸ ಮಾಡೋ ಕನ್ನಡದೋರು ಸುಮಾರು ಜನ ಇದೀವಿ, ಅವರಿಗೆ ಅಂತ ಬರೀತಿದೀನಿ, 9-5-6 ಅಂದ್ರೇನು ಅಂತ ಉದ್ದಕ್ಕೆ ಹೇಳ್ತಾ ಕೂರಲ್ಲ: ವಿಸಿಟರ್ ಆಗಿ ಬಂದೋರು ಹಾನರೇರಿಯಂ ತಗೋಬೇಕಂದ್ರೆ ಒಂದು ಸಂಸ್ಥೇಲಿ ಒಂಬತ್ತು ದಿನ, ಆರು ತಿಂಗಳಲ್ಲಿ ಐದು ಸಂಸ್ಥೆ, ಅಷ್ಟೇ ಮಿತಿ.

ಮೊದಲು ಕೆಟ್ಟಿದ್ದನ್ನ ಹೇಳ್ತೀನಿ. ನಾನು ಸೇರಿದ ಹೊಸದ್ರಲ್ಲಿ, 2015 ಇರಬೇಕು, ಮೈಸೂರಿಂದ ಒಬ್ರು ಮೇಷ್ಟ್ರನ್ನ ಸಮ್ಮರ್ ವರ್ಕ್‌ಶಾಪಿಗೆ ಕರೆಸಿದ್ವಿ. ನಮ್ಮ ಪ್ರೊಫೆಸರ್ ಸಾಹೇಬ್ರು ಯಾರನ್ನೂ ಕೇಳ್ದೆ ಹತ್ತು ದಿನದ ಪ್ರೋಗ್ರಾಂ ಪ್ರಿಂಟ್ ಹಾಕಿಸ್ಬಿಟ್ಟಿದ್ರು. 1998ರ ಕಾನೂನು ಹೇಳೋದು ಒಂದು ಸಂಸ್ಥೇಲಿ ಒಂಬತ್ತೇ ದಿನ, ಒಂದು ದಿನ ಜಾಸ್ತಿ ಆದ್ರೂ ಹಾನರೇರಿಯಂ ಗೋವಿಂದ. ಪೋಸ್ಟರ್‌ನಲ್ಲಿ ಹತ್ತನೇ ದಿನ ಅವರ ಹೆಸರು ದಪ್ಪಕ್ಷರದಲ್ಲಿತ್ತು, ಅದನ್ನೇ ನಮ್ಮ ಯೂನಿವರ್ಸಿಟಿಯ ಟ್ಯಾಕ್ಸ್ ಆಫೀಸ್‌ನೋರು ಹಿಡ್ಕೊಂಡು ಕೂತ್ರು. ಎರಡು ಸಾವಿರ ಡಾಲರ್ ಹೋಯ್ತು, ಮೇಷ್ಟ್ರು ಪಾಪ ನಗ್ತಾನೇ "ಏನಮ್ಮಾ, ಇಷ್ಟಕ್ಕೆ ಇಷ್ಟೊಂದು ಪೇಪರ್ರಾ" ಅಂದ್ರು, ನನಗೆ ನೆಲಕ್ಕಿಳಿದು ಹೋದಂಗಾಯ್ತು.

ಆಮೇಲೆ ಬ್ರೆಜಿಲ್‌ನೋರೊಬ್ರು. 1500 ಕೊಡ್ತೀವಿ ಅಂತ ಲೆಟರ್‌ನಲ್ಲಿ ಬರ್ದಿದ್ವಿ, ಕೈಗೆ ಸಿಕ್ಕಿದ್ದು 1050. ಬ್ರೆಜಿಲ್ ಜೊತೆ ಅಮೆರಿಕಕ್ಕೆ ಟ್ಯಾಕ್ಸ್ ಟ್ರೀಟಿನೇ (ತೆರಿಗೆ ಒಪ್ಪಂದ) ಇಲ್ಲ, ಮೂವತ್ತು ಪರ್ಸೆಂಟ್ ಕಟ್. ಅವರು ಕಳಿಸಿದ ಇಮೇಲ್ ಇನ್ನೂ ಇಟ್ಕೊಂಡಿದೀನಿ. ಅವತ್ತಿಂದ ಲೆಟರ್ ಹೊರಡೋ ಮುಂಚೆನೇ ಲೆಕ್ಕ: ಕೈಗೆ ಸಾವಿರ ಸಿಗ್ಬೇಕಂದ್ರೆ 0.7ರಿಂದ ಭಾಗಿಸು, ಬಜೆಟ್‌ನಲ್ಲಿ 1429 ಎತ್ತಿಡು. ದುಡ್ಡಿಲ್ಲ ಅಂತೀರಾ, ಹಂಗಾದ್ರೆ ಲೆಟರ್‌ನಲ್ಲಿ "ಟ್ಯಾಕ್ಸ್ ಕಳೆಯೋ ಮುಂಚಿನ ಮೊತ್ತ" ಅಂತ ಬರೀರಿ, ಬಂದೋರಿಗೆ ಶಾಕ್ ಕೊಡ್ಬೇಡಿ.

ಇನ್ನೊಂದು ಫ್ಲೈಟ್ ಕತೆ. ಬೆಂಗಳೂರಿಂದ ಬಂದೋರು ಅಗ್ಗ ಸಿಗತ್ತೆ ಅಂತ ಗಲ್ಫ್ ಏರ್‌ಲೈನ್‌ನಲ್ಲಿ ತಾವೇ ಟಿಕೆಟ್ ಮಾಡಿಸ್ಕೊಂಡ್ರು, ನಾವು ಕೊಡ್ಬೇಕಿದ್ದಿದ್ದು ಫೆಡರಲ್ ಗ್ರಾಂಟ್‌ನಿಂದ. ಫ್ಲೈ ಅಮೆರಿಕ ರೂಲ್ ಗೊತ್ತಲ್ಲ, ಫೆಡರಲ್ ದುಡ್ಡಾದ್ರೆ ಸಾಮಾನ್ಯವಾಗಿ ಅಮೆರಿಕದ ಏರ್‌ಲೈನೇ ಆಗ್ಬೇಕು, ಗ್ರಾಂಟ್ ಆಫೀಸ್ ಬಿಲ್ ಮುಟ್ಟಲೇ ಇಲ್ಲ. ಡಿಪಾರ್ಟ್‌ಮೆಂಟ್ ಮುಖ್ಯಸ್ಥರ ಹತ್ರ ಕೈಕಾಲು ಹಿಡ್ದು ಬೇರೆ ಫಂಡ್‌ನಿಂದ ಹೆಚ್ಚುಕಮ್ಮಿ 1300 ಎತ್ತಿದ್ದು. ಅವರಿಗೇ ಕಳ್ಸಿದ್ದ ಇನ್ನೊಂದು ಚಿಕ್ಕ ಡಾಲರ್ ಚೆಕ್ಕು ಬೆಂಗಳೂರಿನ ಬ್ಯಾಂಕಲ್ಲಿ ಕಲೆಕ್ಷನ್‌ಗೆ ಹಾಕಿ ಎರಡು ತಿಂಗಳು ಕಾದ್ರಂತೆ, ಚಾರ್ಜ್ ಕಳೆದು ಉಳಿದಿದ್ದನ್ನ ಕೇಳ್ಬೇಡಿ.

ಇಷ್ಟೆಲ್ಲ ಪೆಟ್ಟು ತಿಂದ್ಮೇಲೆ ಒಂದು ದಿನ ಕೂತ್ಕೊಂಡು ಹಳೇ ಫೈಲ್ ಒಂದು ಮೂವತ್ತು ತೆಗೆದು ಎಲ್ಲೆಲ್ಲಿ ಎಷ್ಟು ದಿನ ಮಲಗಿತ್ತು ಅಂತ ಬರ್ಕೊಂಡೆ. ಎಲ್ರೂ ಟ್ಯಾಕ್ಸ್ ಆಫೀಸ್‌ನ ಬೈತಿದ್ವಿ, ಆದ್ರೆ ಅರ್ಧಕ್ಕಿಂತ ಜಾಸ್ತಿ ಫೈಲ್ ನಿಂತಿದ್ದು ಐ-94 (ಅಮೆರಿಕದೊಳಗೆ ಬಂದಿದ್ದರ ದಾಖಲೆ) ಬರ್ಲಿಲ್ಲ ಅಂತ, ಇಲ್ಲಾ ಸೈನ್ ಬೇಕಾದ ಮನುಷ್ಯ ಆಗ್ಲೇ ಊರು ಸೇರಿ ಇಮೇಲ್ ನೋಡೋದು ಬಿಟ್ಟಿದ್ದ ಅಂತ. ಅಂದ್ರೆ ತಡ ಆಗ್ತಿದ್ದಿದ್ದು ನಮ್ಮಲ್ಲೇ. ನಾವು ಪೇಪರ್ ಕೆಲಸ ಶುರು ಮಾಡ್ತಿದ್ದಿದ್ದೇ ಲೆಕ್ಚರ್ ಮುಗಿದ್ಮೇಲೆ.

ಈಗ ಐದು ವಾರ ಮುಂಚೆ ಶುರು. ಡಬ್ಲ್ಯೂ-8ಬೆನ್ (ಹೊರದೇಶದೋರ ಟ್ಯಾಕ್ಸ್ ಫಾರಂ), ಪಾಸ್‌ಪೋರ್ಟ್ ಕಾಪಿ, 9-5-6 ಡಿಕ್ಲರೇಷನ್ ಮೂರೂ ಬಂದು ಪೇಮೆಂಟ್‌ಗೆ ಅವರ ಹೆಸರಲ್ಲಿ ವೆಂಡರ್ ನಂಬರ್ ಆಗೋತನಕ ಟಿಕೆಟ್ ಬುಕ್ ಮಾಡಲ್ಲ, ಇದೊಂದು ಹಠ. ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ದುಡ್ಡು ತಗೊಂಡಿದೀರ ಅಂತ ಫೋನಲ್ಲೇ ಕೇಳ್ತೀನಿ, ಫಾರಂನಲ್ಲಿ ಮರೆತುಬಿಡ್ತಾರೆ, ಒಬ್ರಿಗೆ ನಾವು ಆರನೇ ಯೂನಿವರ್ಸಿಟಿ ಆಗ್ತಿದ್ವಿ, ಫೋನ್ ಮಾಡಿದ್ದಕ್ಕೆ ಬಚಾವ್. ಟಿಕೆಟ್ಟು, ಹೋಟ್ಲು ಎರಡೂ ಡೈರೆಕ್ಟ್ ಬಿಲ್, ಬಂದೋರು ಒಂದು ಡಾಲರೂ ಹಾಕೋ ಹಂಗಿಲ್ಲ, ಹಾಕಿದ್ರೆ ತಾನೇ ರಿಸೀಟು, ರಿಯಿಂಬರ್ಸ್‌ಮೆಂಟು. ಊಟಕ್ಕೆ ರಿಸೀಟ್ ಬೇಡ, ಪರ್ ಡೀಮ್, ದಿನಕ್ಕಿಷ್ಟು ಅಂತ.

ನಮ್ಮ ಇಂಡಿಯಾದ ಮೇಷ್ಟ್ರುಗಳ ವಿಷ್ಯದಲ್ಲಿ ಒಂದು ಲಾಭ ಇದೆ. ಎಷ್ಟೋ ಜನ ಎಂಬತ್ತು ತೊಂಬತ್ತರ ದಶಕದಲ್ಲಿ ಇಲ್ಲೇ ಪಿಎಚ್‌ಡಿ ಮಾಡಿ ಹೋದೋರು, ಅವರ ಹಳೇ ಸೋಶಿಯಲ್ ಸೆಕ್ಯುರಿಟಿ ನಂಬರ್ ಇವತ್ತಿಗೂ ಅದೇ. ಟ್ರಂಕಲ್ಲಿ ಹುಡುಕ್ಸಿ. ಅದಿದ್ರೆ 8233 ಫಾರಂ ಹಾಕಿ ಇಂಡಿಯಾ ಟ್ರೀಟಿಯ 15ನೇ ಆರ್ಟಿಕಲ್ ಮೇಲೆ ಮೂವತ್ತು ಪರ್ಸೆಂಟ್ ಉಳಿಸಬಹುದು, ಆದ್ರೆ ಆ ಫಾರಂ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಳ್ಸಿ ಹತ್ತು ದಿನ ಕಾಯ್ಬೇಕು, ಅದಕ್ಕೇ ಹೇಳಿದ್ದು ಐದು ವಾರ.

ಲ್ಯಾಂಡ್ ಆದ ದಿನ ಮೊದಲ ಕೆಲಸ ಕಾಫಿ, ಎರಡನೇದು ಅವರ ಫೋನಲ್ಲೇ ಐ-94 ತೆಗೆದು ನನಗೆ ಕಳಿಸೋದು. ಬಿ-1 (ಬಿಸಿನೆಸ್ ವಿಸಿಟರ್) ಅಂತಿದ್ರೆ ಸರಾಗ. ಏರ್‌ಪೋರ್ಟಲ್ಲಿ ಯಾರೋ "ಸುತ್ತಾಡೋಕೆ ಬಂದೆ" ಅಂದ್ಬಿಟ್ರೆ ಬಿ-2 (ಟೂರಿಸ್ಟ್) ಹೊಡೀತಾರೆ, ಎಸ್ಟಾದಲ್ಲಿ, ಅಂದ್ರೆ ವೀಸಾ ಇಲ್ದೆ ಆನ್‌ಲೈನ್ ಅನುಮತೀಲಿ ಬಂದ ಯುರೋಪಿನೋರಿಗೆ ಅದೇ ಥರ ಡಬ್ಲ್ಯೂಟಿ. 9-5-6 ಒಳಗಿದ್ರೆ ಹಾನರೇರಿಯಂಗೆ ಅದೂ ನಡೆಯತ್ತೆ, ಆದ್ರೆ ನಮ್ಮಲ್ಲಿ ಅಂಥ ಫೈಲ್ ಪ್ರತಿಸಲ ಇನ್ನೊಂದು ಟೇಬಲ್ ಸುತ್ತಿ ಬರತ್ತೆ. ಅದಕ್ಕೇ ಆಫೀಸರ್‌ಗೆ ತೋರ್ಸೋಕೆ ಅಂತ ಒಂದು ಪುಟದ ಇನ್ವಿಟೇಷನ್ ಲೆಟರ್ ಬೇರೆ ಮಾಡಿದೀನಿ, ಅದರ ಎರಡನೇ ಪ್ಯಾರಾದ ಪದಗಳನ್ನ ಮಾತ್ರ ಇಲ್ಲಿ ಹಾಕಲ್ಲ, ಮೂರು ವರ್ಷ ತಿದ್ದಿದೀನಿ ಕಣ್ರೀ. ಪೇಮೆಂಟ್ ಆಫೀಸ್‌ನಲ್ಲಿ ಎಲ್ಲಾ ಅಪ್ರೂವ್ ಆಗಿ ಐ-94 ಒಂದಕ್ಕೆ ಕಾಯ್ತಿರೋ ಹಂಗೆ ಹೋಲ್ಡ್‌ನಲ್ಲಿ ಕೂರಿಸೋದು ಹೆಂಗೆ ಅನ್ನೋದೂ ಅಷ್ಟೆ, ಅಲ್ಲಿನ ಒಬ್ರ ಒಳ್ಳೇತನದ ಮೇಲೆ ನಿಂತಿದೆ, ದೀಪಾವಳಿಗೆ ಅವರಿಗೆ ಕೋಡುಬಳೆ ಹೋಗತ್ತೆ.

ಮಧ್ಯೆ ಬೇರೆ ಆಟಗಳನ್ನೂ ಆಡಿದೀನಿ. ಗಿಫ್ಟ್ ಕಾರ್ಡ್ ಕೊಟ್ಟು ಮುಗ್ಸೋಣ ಅಂದ್ಕೊಂಡೆ, ಅದೂ ಇನ್‌ಕಮ್ಮೇ, ಆಡಿಟ್‌ನಲ್ಲಿ ಬೈಸ್ಕೊಂಡಿದ್ದು ಲಾಭ. 2020ರಲ್ಲಿ ಎಲ್ಲಾ ಝೂಮ್ ಆದಾಗ ಧಾರವಾಡದಿಂದ ಒಬ್ರು ಮನೇಲೇ ಕೂತು ಮಾತಾಡಿದ್ರು, ಕೆಲಸ ಆಗಿದ್ದು ಅಮೆರಿಕದ ಹೊರಗೆ, ವೀಸಾನೂ ಇಲ್ಲ ಇಲ್ಲಿನ ಟ್ಯಾಕ್ಸೂ ಇಲ್ಲ, 300 ಡಾಲರ್ ವೈರ್ ಮಾಡ್ದೆ. ವೈರ್ ಚಾರ್ಜೇ ಮೂವತ್ತೋ ನಲವತ್ತೋ ಆಯ್ತು.

ಮೊದಲು ಸರಾಸರಿ ನಲವತ್ತೈದು ದಿನದ ಮೇಲೆ ಆಗ್ತಿತ್ತು, ಈಗ ಬಂದ ಐದಾರನೇ ದಿನಕ್ಕೆ ಚೆಕ್. ಡಿಸೆಂಬರ್‌ನಲ್ಲಿ ಕೊನೇದಾಗಿ ಬಂದ ಮೇಡಮ್ಮನ್ನ ಕ್ಯಾಂಪಸ್‌ನಲ್ಲಿರೋ ಬ್ಯಾಂಕಿಗೆ ನಾನೇ ಕರ್ಕೊಂಡು ಹೋಗಿದ್ದೆ, ನಮ್ಮ ಚೆಕ್ಕು ಅದೇ ಬ್ಯಾಂಕಿಂದು, ಪಾಸ್‌ಪೋರ್ಟ್ ತೋರ್ಸಿದ್ರೆ ಕ್ಯಾಶ್ ಕೊಡ್ತಾರೆ. ಅವರು ಕೌಂಟರ್‌ನಲ್ಲೇ ನಿಂತು ಎರಡು ಸಲ ಎಣಿಸಿ, ಮಗಳಿಗೆ ಜ್ಯಾಕೆಟ್ ಎಲ್ಲಿ ಸಿಗತ್ತೆ ಅಂತ ಕೇಳಿದ್ರು.