ಹದ್ದು, ಬಿಜ್ಜು ಗೂಡು ಕಟ್ಟಿವೆಯಾ? ದೂರದಿಂದಲೇ ನೋಡಿ

ಹದ್ದಿನ ಸಂಸಾರ ನೋಡಲು ಬೆಂಗಳೂರಿನವರು ಕಾಡಿಗೇ ಹೋಗಬೇಕಿಲ್ಲ. ಚಳಿಗಾಲ ಶುರುವಾಗಿ ಬೇಸಿಗೆ ಮುಗಿಯುವ ತನಕ ರಸ್ತೆ ಬದಿಯ ದೊಡ್ಡ ಮರ, ಮೊಬೈಲ್ ಟವರ್ ಕಡೆ ಕಣ್ಣಿಟ್ಟಿರಿ. ಕೆರೆಗಳ ಹತ್ತಿರ ಗರುಡ ಸಿಗುತ್ತದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಮರ ಜಾಸ್ತಿ ಇರುವ ಕಡೆ ಬಿಜ್ಜು, ಅಂದರೆ ಶಿಕ್ರಾ ಎಂಬ ಪುಟ್ಟ ಬೇಟೆಹಕ್ಕಿ, ಇರುತ್ತದೆ.

ಮೊದಲು ಗೂಡು ಹುಡುಕಬೇಡಿ, ಹಕ್ಕಿಯನ್ನು ಗಮನಿಸಿ. ಕಡ್ಡಿ, ಚಿಂದಿ ಬಟ್ಟೆ ಹಿಡಿದು ಮತ್ತೆ ಮತ್ತೆ ಒಂದೇ ಮರಕ್ಕೆ ಹೋಗುತ್ತಿದ್ದರೆ ಗೂಡು ಅಲ್ಲೇ ಇದೆ. ಅಷ್ಟು ಗೊತ್ತಾದ ಮೇಲೆ ಮರದ ಬುಡಕ್ಕೆ ಹೋಗುವ ಕೆಲಸವೇ ಇಲ್ಲ. ರಸ್ತೆಯ ಆಚೆ ಬದಿಯೋ, ದೂರದ ಮನೆಯ ಕಿಟಕಿಯೋ ಸಾಕು. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಬೈನಾಕ್ಯುಲರ್ ಇದ್ದರೆ ಎಲ್ಲ ಚೆನ್ನಾಗಿ ಕಾಣುತ್ತದೆ.

ಎಷ್ಟು ದೂರ ಇರಬೇಕು ಅಂತ ಹಕ್ಕಿಯೇ ಹೇಳುತ್ತದೆ. ಆರಾಮಾಗಿರುವ ತಾಯಿ ಪುಕ್ಕ ತೀಡಿಕೊಳ್ಳುತ್ತದೆ, ಕಣ್ಣು ಮುಚ್ಚಿ ತೂಕಡಿಸುತ್ತದೆ. ನೀವು ಹತ್ತಿರವಾದರೆ ಕತ್ತು ಚಾಚಿ ನಿಮ್ಮನ್ನೇ ದಿಟ್ಟಿಸುತ್ತದೆ, ಇಲ್ಲವೇ ಗೂಡಿಗೆ ಅಂಟಿಕೊಂಡಂತೆ ಅಡಗುತ್ತದೆ. ಬಿಜ್ಜು 'ಕಿ-ಕಿ-ಕಿ' ಅಂತ ಕೂಗತೊಡಗುತ್ತದೆ. ಊಟ ತಂದ ಗಂಡು ಗೂಡಿಗೆ ಬರದೆ ಪಕ್ಕದ ಮರದಲ್ಲೇ ಕೂತಿದ್ದರೂ ಅದು ನಿಮ್ಮಿಂದಲೇ ಇರಬಹುದು. ಹೀಗೆ ಕಂಡ ಕೂಡಲೇ ಹಿಂದೆ ಸರಿಯಿರಿ. ಹದ್ದು ತಲೆ ಮೇಲೆ ಎರಗುವ ತನಕ ಕಾಯಬೇಡಿ.

ಇದರಲ್ಲಿ ಸಲುಗೆ ಬೇಡವೇ ಬೇಡ. ತಾಯಿ ಎದ್ದುಹೋದರೆ ನಮ್ಮೂರಿನ ಕಾಗೆಗಳು ಮೊಟ್ಟೆ ಬಿಡುವುದಿಲ್ಲ. ಮಧ್ಯಾಹ್ನ ತಾಯಿ ರೆಕ್ಕೆ ಹರಡಿ ನೆರಳು ಕೊಡುವುದನ್ನು ಬೈನಾಕ್ಯುಲರ್‌ನಲ್ಲಿ ನೋಡಬಹುದು. ಆ ನೆರಳು ತಪ್ಪಿದರೆ ಬಿಳಿ ತುಪ್ಪಳದ ಮರಿ ಬಿಸಿಲಲ್ಲಿ ಬಾಯಿ ಬಿಟ್ಟು ಏದುಸಿರು ಬಿಡುತ್ತದೆ. ಗೂಡು ಕಟ್ಟುವಾಗ, ಕಾವು ಕೂತಾಗ ಗಾಬರಿಯಾದರೆ ಹಕ್ಕಿ ಗೂಡನ್ನೇ ಬಿಟ್ಟುಹೋಗಬಹುದು. ರೆಕ್ಕೆ ಬಲಿಯುವ ಹೊತ್ತಿಗೆ ಗಾಬರಿಪಡಿಸಿದರೆ ಮರಿ ಹಾರಲು ಬರುವ ಮೊದಲೇ ಜಿಗಿದುಬಿಡುತ್ತದೆ.

ಹಾಗಾಗಿ ಡ್ರೋನ್, ಫ್ಲ್ಯಾಶ್, ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕುವುದು ಯಾವುದೂ ಬೇಡ. ಫೋಟೊಗೆ ಅಡ್ಡ ಅಂತ ಕೊಂಬೆ ಮುರಿಯಬೇಡಿ, ಆ ಎಲೆಗಳೇ ಮರಿಗೆ ನೆರಳು. ಮಾಂಸ ಎಸೆದರೆ ಕಾಗೆಯನ್ನೂ ನೀವೇ ಕರೆದಂತೆ. ಸ್ವಲ್ಪ ಹೊತ್ತು ನೋಡಿ ಹೊರಟುಬಿಡಿ. ಗೂಡಿನ ಲೊಕೇಶನ್ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಲೇಬೇಡಿ. ಮಾರನೇ ದಿನ ಕ್ಯಾಮೆರಾ ಹಿಡಿದು ಎಷ್ಟು ಜನ ಬರುತ್ತಾರೆ ಗೊತ್ತಲ್ವಾ?

ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವವರು ಬಂದರೆ ಮಾತ್ರ ಸುಮ್ನೆ ಇರಬೇಡಿ. ಗೂಡು ತೋರಿಸಿ, ಮರಿ ಹಾರುವ ತನಕ ಆ ಕೊಂಬೆ ಬಿಡಿ ಎಂದು ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಯಾರೂ ಸಾಕದ ವನ್ಯ ಹಕ್ಕಿಯ ಗೂಡು, ಮೊಟ್ಟೆ ಕೆದಕುವುದನ್ನೂ ಬೇಟೆ ಎಂದೇ ಪರಿಗಣಿಸಲಾಗಿದೆ.

ಪುಕ್ಕ ಬಂದ ಮರಿ ನೆಲದಲ್ಲಿ ಕಂಡರೆ ಎತ್ತಿಕೊಂಡು ಮನೆಗೆ ಓಡಬೇಡಿ. ಗಾಯವಿಲ್ಲದಿದ್ದರೆ ನಾಯಿ, ಬೆಕ್ಕು ಬರದಂತೆ ದೂರದಲ್ಲಿ ಕಾವಲಿರಿ, ತಾಯಿ ಅಲ್ಲೇ ಇರುತ್ತದೆ. ರಕ್ತ ಕಂಡರೆ, ಗಾಳಿಪಟದ ಮಾಂಜಾ ಸುತ್ತಿಕೊಂಡಿದ್ದರೆ ದಾರ ಎಳೆಯದೆ, ನೀರು ಕುಡಿಸದೆ, ತೂತಿರುವ ರಟ್ಟಿನ ಡಬ್ಬಿಯಲ್ಲಿ ಕತ್ತಲಾಗಿಟ್ಟು ವನ್ಯಜೀವಿ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ.