ಮೊದಲು ‘ಬಿಡು’, ಆಮೇಲೆ ‘ಹಿಡಿ’: ನನ್ನ ರಾಟ್‌ವೀಲರ್ ಕಾವಲಿಗೆ ತಯಾರಾದ ಬಗೆ

ಕಾವಲು ನಾಯಿಯನ್ನು ಜನರ ನಡುವೆ ಅಡ್ಡಾಡಿಸಿ ಬೆಳೆಸಬೇಕು, ಅದಕ್ಕೆ ಕಚ್ಚಿ ಹಿಡಿಯುವುದಕ್ಕಿಂತ ಮೊದಲು ಬಿಡುವುದನ್ನು ಕಲಿಸಬೇಕು ಅಂತ ನಾನು ಅಂದಾಗ ಧಾರವಾಡದ ನಮ್ಮ ನಾಯಿ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಅಕ್ಕಾರ, ಸಂತ್ಯಾಗ ಅಡ್ಡಾಡಿಸಿ ಬೆಳಸಿದ ನಾಯಿ ನಾಳೆ ಕಳ್ಳಗೂ ಬಾಲಾ ಅಲ್ಲಾಡಸ್ತೈತ್ರಿ’ ಅಂದರು. ನನ್ನ ರಾಟ್‌ವೀಲರ್ ಮಿಂಚಿಗೆ ಈಗ ಮೂರು ವರ್ಷ ದಾಟಿದೆ, ತೂಕ 42 ಕೆಜಿ ಆಸುಪಾಸು. ಅದೇ ಮಂದಿ ಭಾನುವಾರ ತಮ್ಮ ನಾಯಿಗಳನ್ನು ನಮ್ಮ ಶೆಡ್ಡಿನ ಮುಂದಿನ ಬಯಲಿಗೆ ಕರೆದುಕೊಂಡು ಬರುತ್ತಾರೆ. ನಾಯಿಗೆ ಕುಂದ್ರು, ನಿಂದ್ರು, ಬಾ ಕಲಿಸುವುದು ಈಗಾಗಲೇ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಪಾಠ ಇಲ್ಲಿ ಮತ್ತೆ ಹೇಳುವುದಿಲ್ಲ.

ನಮ್ಮದು ಹಳಿಯಾಳ ರಸ್ತೆ ಕಡೆ ಹೊಲದ ಮನೆ, ಹತ್ತಿಪ್ಪತ್ತು ಎಮ್ಮೆ. ಯಜಮಾನರದು ಹುಬ್ಬಳ್ಳಿಯಲ್ಲಿ ರಾತ್ರಿ ಪಾಳಿ. ಬೆಳಗಿನ ಜಾವ ಸೈಕಲ್ಲಿಗೆ ಕ್ಯಾನು ಕಟ್ಟಿ, ತಳ್ಳಿಕೊಂಡು, ಡೇರಿಗೆ ಹಾಲು ಹಾಕಲು ಹೋಗುವವಳು ನಾನೊಬ್ಬಳೇ. ಹಿಂದೆ ಈ ದಾರಿಯ ಕಾವಲಿಗೆಂದು ಒಂದು ಜರ್ಮನ್ ಶೆಫರ್ಡ್ ತಂದು ಒಬ್ಬ ಟ್ರೇನರ್ ಹತ್ತಿರ ಎರಡು ತಿಂಗಳು ಬಿಟ್ಟಿದ್ದೆ. ತಿಂಗಳಿಗೆ 15,000 ರೂಪಾಯಿ. ತಿರುಗಿ ಬಂದ ನಾಯಿ ಯಾರಾದರೂ ಕೈ ಎತ್ತಿದರೆ ಸಾಕು, ಹಲ್ಲು ಕಿರಿಯುತ್ತಿತ್ತು. ಸೀರೆ ಒಣಹಾಕಲು ಕೈ ಎತ್ತಿದ ನಮ್ಮ ಅತ್ತೆಯವರ ಮೇಲೂ ಹಾರಿತು. ಹೊಡೆದು ಹೊಡೆದು ಅದಕ್ಕೆ ಒಂದೇ ಪಾಠ ಕಲಿಸಿದ್ದರು: ಮನುಷ್ಯನ ಕೈ ಅಂದರೆ ಪೆಟ್ಟು. ಕಾವಲಿಗೆ ಅದು ಬರಲೇ ಇಲ್ಲ. ಮರಿ, ತರಬೇತಿ, ಔಷಧ ಎಲ್ಲ ಸೇರಿ 50,000ದ ಹತ್ತಿರ ಹೋಯಿತು.

ನಾಯಿ ಉಗ್ರವಾಗಬೇಕೆಂದರೆ ಮೆಣಸಿನಪುಡಿ ತಿನ್ನಿಸು, ಕತ್ತಲ ಕೋಣೆಯಲ್ಲಿ ಕಟ್ಟು, ಯಾರ ಮುಖವನ್ನೂ ತೋರಿಸಬೇಡ ಎನ್ನುವ ಸಲಹೆ ನಮ್ಮ ಕಡೆ ಈಗಲೂ ಕೊಡುತ್ತಾರೆ. ಮೆಣಸಿನಪುಡಿಯಿಂದ ಕೆಡುವುದು ಕರುಳು. ಕತ್ತಲಿಂದ ಬೆಳೆಯುವುದು ಅಂಜಿಕೆ. ಅಂಜಿದ ನಾಯಿ ಕಳ್ಳನನ್ನು ಹುಡುಕಿಕೊಂಡು ಹೋಗುವುದಿಲ್ಲ, ಹತ್ತಿರ ಇದ್ದವರನ್ನೇ ಹಿಡಿಯುತ್ತದೆ.

ಆಮೇಲೆ ರಾಟ್‌ವೀಲರ್ ಆರಿಸಿದ್ದಕ್ಕೆ ಒಂದು ಕಾರಣ ಎಮ್ಮೆ. ಜರ್ಮನಿಯ ರಾಟ್‌ವೀಲ್ ಊರಿನಲ್ಲಿ ಈ ತಳಿ ಮೊದಲು ದನಗಳನ್ನು ಅಟ್ಟಿಕೊಂಡು ಹೋಗುವುದಕ್ಕೆ, ಕಟುಕರ ಗಾಡಿ ಎಳೆಯುವುದಕ್ಕೆ ಇತ್ತು. ಮರಿಗೆ 28,000 ಕೊಟ್ಟೆ, ಅದೂ ತಂದೆ ತಾಯಿಯ ಸೊಂಟದ ಕೀಲು ಸರಿ ಇದೆಯೆಂದು ಎಕ್ಸ್‌ರೇ ತೋರಿಸಿದವರಿಗೆ ಮಾತ್ರ. ಹೆಣ್ಣು ಮರಿಯನ್ನೇ ಬೇಕೆಂದು ಕೇಳಿದೆ. ಅದಕ್ಕೂ ಬಳಗದಲ್ಲಿ ತಕರಾರು ಬಂತು. ಮರಿಗಳ ಹಿಂದೆ ಸ್ಟೀಲಿನ ತಾಟು ಬೀಳಿಸಿದೆ. ಒಂದು ಓಡಿಹೋಗಿ ಮೂಲೆ ಸೇರಿತು, ಒಂದು ತಿರುಗಿಯೂ ನೋಡಲಿಲ್ಲ. ಬೆಚ್ಚಿಬಿದ್ದು, ಮರುಕ್ಷಣ ಬಂದು ತಾಟನ್ನು ಮೂಸಿದ್ದು ಮಿಂಚಿ. ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ.

ಮೂರೂವರೆ ನಾಲ್ಕು ತಿಂಗಳ ಒಳಗೆ ಮರಿ ಏನು ನೋಡುತ್ತದೋ ಅದೇ ಅದರ ಲೋಕ. ಲಸಿಕೆ ಪೂರ್ತಿ ಆಗುವವರೆಗೆ ನೆಲಕ್ಕೆ ಬಿಡದೆ ಬಗಲಲ್ಲಿ ಹೊತ್ತು ತಿರುಗಿದೆ: ಸುಭಾಸ ರೋಡಿನ ಗದ್ದಲ, ಬಸ್ ಸ್ಟ್ಯಾಂಡ್, ಹಿಟ್ಟಿನ ಗಿರಣಿ, ಮದುವೆಯ ಬ್ಯಾಂಡು, ಟ್ರ್ಯಾಕ್ಟರು. ಬಳಗದವರು ಇದನ್ನು ಮುದ್ದು ಮಾಡಿಸುವುದು ಅಂದುಕೊಂಡರು. ಮುಟ್ಟಲು ನಾನು ಯಾರಿಗೂ ಕೊಡುತ್ತಿರಲಿಲ್ಲ. ನೂರು ಜನ ಹಾದುಹೋದರು, ಒಬ್ಬರಿಂದಲೂ ತಿನಿಸಿಲ್ಲ, ಒಬ್ಬರಿಂದಲೂ ಪೆಟ್ಟಿಲ್ಲ. ಜನ ಅಂದರೆ ಅವಳಿಗೆ ರಸ್ತೆ ಬದಿಯ ಗಿಡಮರ ಇದ್ದ ಹಾಗೆ. ನಾಳೆ ಒಬ್ಬ ಬೇರೆ ರೀತಿ ನಡೆದುಕೊಂಡರೆ ಅದು ಎದ್ದು ಕಾಣುವುದು ಇಂಥ ನಾಯಿಗೇ.

ಈಗ ‘ಬಿಡು’. ಗೋಣಿಚೀಲದ ತುಂಡು ಸುತ್ತಿ ಹೊಲಿದ ಟಗ್ (ನಾಯಿ ಕಚ್ಚಿ ಎಳೆದಾಡುವ ಆಟದ ಸಾಮಾನು) ಸಾಕು; ಅಂಗಡಿಯದು ಐದಾರು ನೂರು ರೂಪಾಯಿ, ಮನೆಯದಕ್ಕೆ ದಾರದ ಖರ್ಚು. ಮರಿ ಹಿಡಿದು ಎಳೆಯುತ್ತಿರುವಾಗ ಟಗ್ಗನ್ನು ನನ್ನ ತೊಡೆಗೆ ಒತ್ತಿ ಹಿಡಿದು ಕಲ್ಲಿನಂತೆ ನಿಲ್ಲುತ್ತೇನೆ. ಎಳೆತ ಇಲ್ಲ, ಮಾತಿಲ್ಲ. ಆಟ ಸತ್ತಿತು ಅಂತ ಅದು ತಾನೇ ಬಾಯಿ ಸಡಿಲಿಸುತ್ತದೆ. ಸಡಿಲಿಸಿದ ಆ ಗಳಿಗೆಯಲ್ಲೇ ಟಗ್ ಮತ್ತೆ ಜೀವಂತ, ಮತ್ತೆ ಹಿಡಿಯಲು ಬಿಡುತ್ತೇನೆ. ಕೆಲವು ದಿನ ಕಳೆದ ಮೇಲೆ ಬಾಯಿ ಸಡಿಲಿಸುವ ತುಸು ಮೊದಲು ‘ಬಿಡು’ ಅನ್ನುತ್ತೇನೆ. ಬಿಟ್ಟದ್ದಕ್ಕೆ ಇನಾಮು ಬಿಸ್ಕೀಟಲ್ಲ, ಇನ್ನೊಂದು ಹಿಡಿತ. ಉಳಿದವರ ನಾಯಿಗಳು ಬಿಡದೆ ಇರುವುದು ಯಾಕೆಂದರೆ ಬಿಟ್ಟ ಕೂಡಲೇ ಅವರು ಟಗ್ ಕಸಿದು ಚೀಲಕ್ಕೆ ಹಾಕುತ್ತಾರೆ. ಮತ್ತೆ ಸಿಗದಿದ್ದರೆ ಯಾವ ನಾಯಿಯೂ ಬಿಡಲು ಒಪ್ಪುವುದಿಲ್ಲ. ಆಗ ಕೊರಳ ಪಟ್ಟಾ ಹಿಡಿದು ಉಸಿರು ಕಟ್ಟಿಸುತ್ತಾರೆ, ನಾಯಿ ಇನ್ನಷ್ಟು ಗಟ್ಟಿಯಾಗಿ ಕಚ್ಚುತ್ತದೆ. ಹಲ್ಲು ಬೀಳುವ ನಾಲ್ಕರಿಂದ ಆರು ತಿಂಗಳಲ್ಲಿ ಎಳೆದಾಟ ಪೂರ್ತಿ ಬಂದ್ ಮಾಡಿದ್ದೆ. ವಸಡು ನೊಂದರೆ ಹಿಡಿತ ಹಾಳಾಗಬಹುದು.

ಈ ನಡುವೆ ಬೇವಿನ ಮರಕ್ಕೆ ಸೈಕಲ್ ಟ್ಯೂಬು ಕಟ್ಟಿ, ತುದಿಗೆ ಗೋಣಿ ತೂಗಿಬಿಟ್ಟು ನೋಡಿದೆ. ದವಡೆ ಗಟ್ಟಿಯಾಯಿತು. ಆದರೆ ಅವಳು ತನ್ನಷ್ಟಕ್ಕೆ ತಾನೇ ಜೋತಾಡುತ್ತಿದ್ದಳು, ನನ್ನ ಕಡೆ ಲಕ್ಷ್ಯ ಕಡಿಮೆಯಾಯಿತು. ಬೆಳೆಯುವ ಕೀಲುಗಳಿಗೂ ಆ ಜಿಗಿತ ಒಳ್ಳೆಯದಲ್ಲ. ತೆಗೆದುಹಾಕಿದೆ. ಪಕ್ಕದ ಹೊಲದವರ ಮುಧೋಳ ನಾಯಿಗೂ ಇದೇ ಟಗ್ ಕೊಟ್ಟು ನೋಡಿದ್ದುಂಟು. ನಮ್ಮ ಭಾಗದ ಹೆಮ್ಮೆಯ ತಳಿ ಅದು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿದೆ. ಗೋಣಿ ಓಡುತ್ತಿದ್ದಾಗ ಬಾಣದ ಹಾಗೆ ಬಂತು, ನಿಂತ ಕೂಡಲೇ ಮುಖ ತಿರುಗಿಸಿ ಹೋಯಿತು. ಓಡುವುದನ್ನು ಕಣ್ಣಿಂದ ಕಂಡು ಬೆನ್ನಟ್ಟುವ ಬೇಟೆ ನಾಯಿಗೆ ನಿಂತ ಮನುಷ್ಯನನ್ನು ತಡೆದು ನಿಲ್ಲು ಅನ್ನುವುದು ಅದರ ರಕ್ತಕ್ಕೆ ಒಗ್ಗದ ಕೆಲಸ. ಮೊಲದ ಕೆಲಸ, ಗಸ್ತಿನ ಕೆಲಸ ಅದಕ್ಕೆ ಸರಿ.

ಎಲ್ಲಕ್ಕಿಂತ ಹೆಚ್ಚು ದುಡ್ಡು, ಹೊತ್ತು ತಿಂದದ್ದು ಹೆಲ್ಪರ್, ಅಂದರೆ ತಾಲೀಮಿನಲ್ಲಿ ಕಳ್ಳನ ಪಾತ್ರ ಮಾಡಿ ಕಚ್ಚಿಸಿಕೊಳ್ಳುವವನು. ನಾಯಿ ಸಿಗುತ್ತದೆ, ಕಚ್ಚಿದರೆ ತಾಗದ ಹಾಗೆ ತೋಳಿಗೆ ಹಾಕುವ ದಪ್ಪ ಸ್ಲೀವ್ ಸಿಗುತ್ತದೆ, ಅದನ್ನು ತೊಟ್ಟು ನಾಯಿಗೆ ಸರಿಯಾಗಿ ಸೋಲುವ ಮನುಷ್ಯ ಸಿಗುವುದಿಲ್ಲ. ಮೊದಲಿನವನಿಗೆ ಅವಸರ. ಮಿಂಚಿ ವರ್ಷದವಳೂ ಆಗಿರಲಿಲ್ಲ, ಕೋಲು ಬೀಸುತ್ತ ನೇರ ಅವಳ ಮೇಲೆ ನುಗ್ಗಿದ. ಅಲ್ಲಿಯವರೆಗೆ ಹಿಂದಿನ ದವಡೆ ತುಂಬ ಹಿಡಿಯುತ್ತಿದ್ದವಳು ಮುಂದಿನ ಹಲ್ಲಿನಿಂದ ಚುಚ್ಚಿ ಚುಚ್ಚಿ ಬಿಡತೊಡಗಿದಳು. ಬಾಯಿ ಹೀಗೆ ಕಿರಿದಾದರೆ ಒಳಗೆ ಹೆದರಿಕೆ ಹೊಕ್ಕಿದೆ ಎಂದೇ ಲೆಕ್ಕ. ಅವನನ್ನು ಬಿಡಿಸಿ, ಮತ್ತೆ ಮರಿಯ ಟಗ್ಗಿಗೆ ಇಳಿದು, ಎರಡು ತಿಂಗಳ ಮೇಲೆ ಹಿಡಿತ ತಿರುಗಿ ತಂದೆ.

ಆಮೇಲೆ ಹೊಳೆದದ್ದು ಗರಡಿಮನೆ. ಕುಸ್ತಿ ಹುಡುಗರಿಗೆ ಕಾಲಿನ ಹದ ಗೊತ್ತು, ಬೀಳುವುದು ಗೊತ್ತು, 40 ಕೆಜಿ ಬಂದು ಗುದ್ದಿದರೆ ಬೆದರುವುದಿಲ್ಲ. ಒಂದು ಸಲಕ್ಕೆ 300 ರೂಪಾಯಿ, ಮೇಲೊಂದು ಲೀಟರ್ ಎಮ್ಮೆ ಹಾಲು. ಹಾಲಿಗಾಗಿಯೇ ಬರುತ್ತಿದ್ದರು ಅನ್ನಬಹುದು. ನಾನು ಹಾಕಿದ ನಿಯಮ ಒಂದೇ: ನಾಯಿ ಎದುರು ಬಂದರೆ ಹಿಂದೆ ಸರಿಯಬೇಕು, ಗಟ್ಟಿ ಹಿಡಿದರೆ ಸೋಲಬೇಕು. ‘ಪೈಲ್ವಾನ, ಇಲ್ಲಿ ಗೆಲ್ಲಾಕ ಬರಬ್ಯಾಡಪಾ’ ಅಂತ ದಿನಾ ಹೇಳಬೇಕಾಗುತ್ತಿತ್ತು. ಮಿಂಚಿಯ ಎದೆಗೆ ಹಾರ್ನೆಸ್ ಪಟ್ಟಿ ಹಾಕಿ, ಮಿಣಿ ಹಗ್ಗದಿಂದ ಮರಕ್ಕೆ ಕಟ್ಟಿ, ಅವಳು ಬೊಗಳಿದರೆ ಹುಡುಗ ಓಡುವುದು. ಆಮೇಲೆ ಹಗ್ಗ ನನ್ನ ಕೈಗೆ. ಕೊನೆಗೆ ಹಗ್ಗವೇ ಇಲ್ಲ. ನಾಯಿಯನ್ನು ಹೆದರಿಸಿ ನೋಡುವ ನಿಜವಾದ ಒತ್ತಡ ಶುರು ಮಾಡಿದ್ದು ಒಂದೂವರೆ ವರ್ಷ ದಾಟಿದ ಮೇಲೆ, ಸೊಂಟದ ಎಕ್ಸ್‌ರೇ ತೆಗೆಸಿ. ಏಪ್ರಿಲ್, ಮೇ ಬಿಸಿಲಲ್ಲಿ ಏಳು ಗಂಟೆಯ ಒಳಗೇ ಎಲ್ಲ ಮುಗಿಯಬೇಕು. ಹೊಟ್ಟೆ ಖಾಲಿ ಇರಬೇಕು, ಕೆಲಸ ಮುಗಿದು ತಾಸಿನ ಮೇಲೆ ಊಟ. ಎದೆ ಆಳವಿರುವ ದೊಡ್ಡ ನಾಯಿ ಉಂಡು ಜಿಗಿದಾಡಿದರೆ ಹೊಟ್ಟೆ ತಿರುಚಿಕೊಂಡು ಅರ್ಧ ದಿನದಲ್ಲಿ ಸಾಯಬಹುದು.

4,500 ಕೊಟ್ಟು ತರಿಸಿದ ಸ್ಲೀವ್ ಇನ್ನೊಂದು ತೊಡಕು ತಂದಿತು. ಹುಡುಗ ಅದನ್ನು ಕಳಚಿ ನೆಲಕ್ಕೆ ಒಗೆದರೆ ಮಿಂಚಿ ಅದನ್ನೇ ಕಚ್ಚಿಕೊಂಡು ಕೂರುತ್ತಿದ್ದಳು, ಮನುಷ್ಯ ಆರಾಮಾಗಿ ನಡೆದು ಹೋಗುತ್ತಿದ್ದ. ಎಷ್ಟೋ ‘ತಯಾರಾದ’ ನಾಯಿಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ತೆಳು ಸ್ಲೀವಿನ ಮೇಲೆ ಕುರುಬರ ಕರಿ ಕಂಬಳಿ ಹೊದಿಸಿದೆ, ತೋಳು ಬದಲಿಸಿದೆ, ಜಾಗ ಬದಲಿಸಿದೆ, ಹುಡುಗರನ್ನೂ ಬದಲಿಸಿದೆ. ಎತ್ತಿನ ಸಾಮಾನು ಹೊಲಿಯುವವರಿಂದ ತೊಗಲಿನ ಬಾಯಿಕುಕ್ಕೆ ಮಾಡಿಸಿ, ಬರಿಗೈ ಮನುಷ್ಯನ ಎದುರು ಬಿಟ್ಟೆ. ಕಚ್ಚಲಾಗದಿದ್ದರೂ ಎದೆಗೆ ಎದೆ ಕೊಟ್ಟು ತಡೆದಳು. ಸ್ಲೀವ್ ಮರೆತದ್ದು ಆವಾಗ. ಕುಕ್ಕೆಯೊಳಗೆ ಬಾಯಿ ತೆರೆದು ತೇಕುವಷ್ಟು ಜಾಗ ಇರಬೇಕು, ಬಿಗಿ ಇದ್ದರೆ ಸೆಕೆಗೆ ನಾಯಿ ಬೀಳುತ್ತದೆ.

ನಡುವೆ ಉಣ್ಣೆಜ್ವರ (ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ) ಬಂದು ತಿಂಗಳುಗಟ್ಟಲೆ ಕೆಲಸ ನಿಂತಿತು, ರಕ್ತ ಪರೀಕ್ಷೆ, ಡಾಕ್ಸಿಸೈಕ್ಲಿನ್ ಔಷಧ ಎಲ್ಲ ಸೇರಿ 8,000 ಹೋಯಿತು. ಎಮ್ಮೆ ಇದ್ದಲ್ಲಿ ಉಣ್ಣೆ ತಪ್ಪಿದ್ದಲ್ಲ. ಊಟಕ್ಕೆ ತಿಂಗಳಿಗೆ ಸುಮಾರು 6,000: ಕೋಳಿ, ತತ್ತಿ, ಅನ್ನ, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿಷೇಧದ ಸುತ್ತೋಲೆ ಹೊರಡಿಸಿದಾಗ ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು. ಮಾರಿಬಿಡು ಎಂದರು ಎಲ್ಲರೂ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಹಾಗಂತ ಮಾಲೀಕರ ಜವಾಬ್ದಾರಿ ತಪ್ಪುವುದಿಲ್ಲ. ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಇಟ್ಟುಕೊಂಡು ಜನರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಿಡಲು ಬಾರದ ನಾಯಿಯನ್ನು ರಸ್ತೆಗೆ ತರುವವರು ಇದನ್ನು ಒಮ್ಮೆ ಓದಬೇಕು.

ಕಳೆದ ಶ್ರಾವಣದಲ್ಲಿ, ಜಿಟಿಜಿಟಿ ಮಳೆ, ಮೋರಿಯ ಹತ್ತಿರ ಬೈಕಿನಲ್ಲಿ ಇಬ್ಬರು ಬಂದು ನಿಂತರು. ದಾರಿ ಕೇಳಿದರು, ಮಿಂಚಿ ಸುಮ್ಮನೆ ಪಕ್ಕದಲ್ಲಿದ್ದಳು. ಒಬ್ಬ ಇಳಿದು ಸೈಕಲ್ಲಿನ ಹ್ಯಾಂಡಲ್ಲಿಗೆ ಕೈ ಹಾಕಿದ. ನಾನು ಮೆಲ್ಲಗೆ ಮಿಂಚಿಗೆ ಅಪ್ಪಣೆಯ ಮಾತು ಹೇಳಿದೆ. ಅವಳು ನಡುವೆ ಬಂದು ಅವನ ಎದೆಮಟ್ಟಕ್ಕೆ ಬೊಗಳಿದ್ದಕ್ಕೆ ಅವನು ನಾಲ್ಕು ಹೆಜ್ಜೆ ಹಿಂದೆ. ಅವನ ಕೈ ಕೆಳಗಿಳಿಯಿತು, ನಾನು ‘ಬಿಡು, ಬಾ’ ಅಂದೆ, ಬಂದಳು. ಒಂದು ಗೀರೂ ಆಗಲಿಲ್ಲ. ಬೈಕು ಹೊರಟುಹೋಯಿತು. ಈ ಭಾಗದಲ್ಲಿ ಇಷ್ಟು ಹತೋಟಿಯ ಕಾವಲು ನಾಯಿ ಬೇರೆ ಇದ್ದರೆ ತೋರಿಸಿ, ನಾನೇ ಬಂದು ನೋಡುತ್ತೇನೆ. ಆ ಮಾತು ಯಾವುದು ಅಂತ ಎಲ್ಲರೂ ಕೇಳುತ್ತಾರೆ. ‘ಹಿಡಿ’ ಅಲ್ಲ, ಸಂತೆಯಲ್ಲಿ ಯಾರೂ ಆಡುವ ಮಾತಲ್ಲ, ಅಷ್ಟೇ ಹೇಳಬಲ್ಲೆ.

ಈಗ ಭಾನುವಾರಗಳಲ್ಲಿ ಗೆಳತಿಯೊಬ್ಬಳ ಡಾಬರ್‌ಮನ್ ಜೊತೆ ಗುದ್ದಾಡುತ್ತಿದ್ದೇನೆ. ಬಿಡು ಅಂದರೆ ಬಿಡುತ್ತಾನೆ, ಆದರೆ ಅಪ್ಪಣೆಗೆ ಕಾಯದೆ ಅರೆಕ್ಷಣದಲ್ಲಿ ತಾನೇ ಮತ್ತೆ ಹಾರುತ್ತಾನೆ. ಬಿಟ್ಟ ಮೇಲೆ ಕುಂದ್ರಿಸಿ, ಕೂತ ಮೇಲಷ್ಟೇ ಟಗ್ ಕೊಡಲು ಶುರು ಮಾಡಿದ್ದೇವೆ. ಹೋದ ವಾರದಿಂದ ಮೂರು ಎಣಿಸುವಷ್ಟು ಹೊತ್ತು ಕೂರುತ್ತಿದ್ದಾನೆ.